ಮಾವಿನ ಗಿಡದ ಬುಡದ ಸಾವ್ಕಾರ

15 ಅಕ್ಟೋಬರ್ 2023, ಭಾನುವಾರ
ಉತ್ತರ ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ

ಅತ್ತಿಯವರಿಗೆ,

ನಿಮ್ಮ ಎರಡೂ ಪತ್ರ ಒಂದೇ ದಿನ ಬಂದವು. ನಿಮಗೆ ಕಿವಿ ಕೇಳದಂತಾದ ಮೇಲೆ ನನಗೊಂದು ಲಾಭವಾಯಿತು ನೋಡ್ರಿ. ಈ ಕಾಲದಲ್ಲಿ ಯಾವ ಸೊಸೆಗೆ ಅತ್ತಿಯ ಕೈಬರಹ ಓದಲು ಸಿಗುತ್ತದೆ? ಫೋನಿನಲ್ಲಿ ಬರೆದರೆ ಭಾವನವರು, ನೆಗೆಣ್ಣಿ, ಅವರ ಮಕ್ಕಳು ಎಲ್ಲರೂ ಓದುತ್ತಾರೆ ಅಂತ ನೀವು ಹೇಳಿದ್ದು ಖರೆ. ಪತ್ರವೇ ಚಲೋ.

ನಿಮ್ಮ ಮೊಮ್ಮಗಳು ಐಶ್ವರ್ಯಾಗೆ ಇವತ್ತಿಗೆ ನಲವತ್ತು ದಿನ. ಹುಟ್ಟಿದಾಗ ಎರಡು ಕೇಜಿ ಒಂಬೈನೂರು ಇದ್ದಳು, ಈಗ ಮೂರು ಏಳುನೂರು. ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಮಂದಿ ಮಕ್ಕಳನ್ನು ತೂಗಿದ ನಿಮಗೆ ಮೊದಲು ಇದನ್ನೇ ಬರೆಯಬೇಕಲ್ಲ. ವಿಮಾನಕ್ಕೆ ಬರುವಾಗ ಪೆಟ್ಟಿಗೆ ತೂಗಲು ಕೊಂಡಿದ್ದ ಕೊಕ್ಕೆ ತಕ್ಕಡಿ ಇದೆ. ಅದಕ್ಕೆ ದುಪ್ಪಟಿಯ ಜೋಳಿಗೆ ಕಟ್ಟಿ ಪ್ರತಿ ಭಾನುವಾರ ತೂಗುತ್ತೇನೆ.

ಮಾಸಿನ ವಿಷಯ ಕೇಳಿದ್ದಿರಿ. ಎಲ್ಲ ನೀವು ಹೇಳಿದ ಹಾಗೇ ಆಯಿತು. ಹೆರಿಗೆಯಾದ ಮೇಲೆ ಬಿದ್ದದ್ದು ನಮಗೆ ಬೇಕು ಅಂದಾಗ ಆಸ್ಪತ್ರೆಯ ದಾದಿ ಹುಬ್ಬು ಕೂಡ ಏರಿಸಲಿಲ್ಲ. ಒಂದು ಫಾರ್ಮಿಗೆ ಸಹಿ ಮಾಡಿಸಿಕೊಂಡು, ಐಸ್‌ಕ್ರೀಂ ಡಬ್ಬಿಯಂಥಾದ್ದರಲ್ಲಿ ಹಾಕಿ ಕೊಟ್ಟಳು. ಹಿತ್ತಲ ಮಾವಿನ ಗಿಡದ ಬುಡದಲ್ಲಿ ಮೊಣಕಾಲುದ್ದ ತಗ್ಗು ತೋಡಿ, ಅರಿಷಿಣ ಕುಂಕುಮ ಹಾಕಿ, ಮೇಲೆ ಕಲ್ಲು ಇಟ್ಟು ಹುಗಿದೆವು. ಬಾಣಂತಿ ಸ್ನಾನದ ನೀರನ್ನು ದಿನಾ ಅದರ ಮೇಲೇ ಸುರಿದೆ. ಐದನೇ ದಿನ ಕೂಸಿನ ಹಣೆಬರಹ ಬರೆಯುವ ಸಟಿವಿಗೆ ಅಂತ ಅಲ್ಲೇ ದೀಪ ಹಚ್ಚಿ, ಅನ್ನ, ತುಪ್ಪ, ಬೆಲ್ಲ ಎಡಿ ಇಟ್ಟೆ. ಚಿಂತಿ ಮಾಡಬೇಡ್ರಿ.

ಈ ದೇಶದ ಹುಳಹುಪ್ಪಡಿಯದೇ ನನಗೊಂದು ದೊಡ್ಡ ಕಾಟ. ನಮ್ಮ ಉಡದ ಜಾತಿಯ ಪ್ರಾಣಿ ಇಲ್ಲಿದೆ, ಗೊಆನ ಅನ್ನುತ್ತಾರೆ. ನಮ್ಮ ಉಡ ಅದರ ಮುಂದೆ ಹಲ್ಲಿ. ಬಾಲ ಸೇರಿಸಿದರೆ ಮನುಷ್ಯನಷ್ಟು ಉದ್ದ, ಕಪ್ಪು ಮೈಗೆ ಹಳದಿ ಪಟ್ಟೆ, ಗಂಟಲ ಕೆಳಗೆ ಜೋತುಬಿದ್ದ ಸಡಿಲ ಚರ್ಮ. ನಾಲಿಗೆ ಹಾವಿನದು. ದಿನಾ ಹನ್ನೊಂದು ಗಂಟೆಗೆ ಬಂದು ಕಸದ ಡಬ್ಬಿ ಕೆಡವಿ, ಕೂಸಿನ ಹೊಲಸು ಲಂಗೋಟಿಯನ್ನು ಎಳೆದು ಹರಿಯುತ್ತದೆ. ನಿಮ್ಮ ಮಗ ಅದಕ್ಕೆ ಸಾವ್ಕಾರ ಅಂತ ಹೆಸರಿಟ್ಟಿದ್ದಾರೆ. "ಸಾವ್ಕಾರ್ರು ವಸೂಲಿಗೆ ಬಂದ್ರು, ಕುಂಡ್ರಾಕ ಮಣಿ ಹಾಕಲೇ ನೇತ್ರಾ" ಅಂತ ನಗುತ್ತಾರೆ. ನಗಲಿ. ಮುಂಡರಗಿ ಕಡೆಯ ಸಕ್ಕರೆ ಕಾರ್ಖಾನೆಯಿಂದ ಇಲ್ಲಿಯ ಸಕ್ಕರೆ ಕಾರ್ಖಾನೆಗೆ ಬಂದ ಫಿಟ್ಟರು ಅವರು. ಕಬ್ಬು ಅರೆಯುವ ಹಂಗಾಮು ಇರುವ ತನಕ ಮನೆಯಲ್ಲಿ ನಿಲ್ಲುವುದೇ ಇಲ್ಲ. ಅದರ ಮುಖ ನೋಡುವವಳು ನಾನು.

ಕೂಸು ಎದ್ದಿತು. ನಿಲ್ಲಿಸುತ್ತೇನೆ.

ನಿಮ್ಮ ಸೊಸೆ
ನೇತ್ರಾ


7 ನವೆಂಬರ್ 2023
ಲಕ್ಷ್ಮೇಶ್ವರ

ನೇತ್ರಾ,

ನಿನ್ನ ಪತ್ರ ಮೂರು ಸಲ ಓದಿದೆ. ನಿನ್ನ ನೆಗೆಣ್ಣಿ "ಏನ ಬರದಾಳ್ರೀ" ಅಂತ ಬಗ್ಗಿ ಬಗ್ಗಿ ನೋಡಿದ್ಲು. ಸೆರಗಿನಾಗ ಮುಚ್ಚಿಕೊಂಡೆ. ಹೊಸಾ ಕಿವಿ ಯಂತ್ರ ತಂದುಕೊಟ್ಟಾರ. ಕಿವ್ಯಾಗ ಇಟ್ರ ಕುಕ್ಕರ್ ಕೂಗಿಧಂಗ ಕೂಗತೈತಿ, ಮಂದಿ ಮಾತು ಮಾತ್ರ ಕೇಳವಲ್ದು. ತಗದು ಸಕ್ಕರಿ ಡಬ್ಬ್ಯಾಗ ಇಟ್ಟೇನಿ.

ಮಾಸು ಸರಿಯಾಗಿ ಹುಗಿದ್ರಿ, ಜೀವ ತಣ್ಣಗಾತು. ಕೊಟ್ರೇಶ ಮೊಣಕಾಲುದ್ದ ತಗ್ಗು ತೋಡಿದನಂದ್ರ ನನಗ ನಂಬಿಕಿ ಬರವಲ್ದು. ಇಲ್ಲೆ ಇದ್ದಾಗ ತುಳಸಿ ಕಟ್ಟಿಗೆ ಒಂದ ಬುಟ್ಟಿ ಮಣ್ಣ ಹಾಕಂದ್ರ ಸೊಂಟಾ ಹಿಡಕೊಂಡು ಮಲಗಾಂವ. ಮಗಳು ಹುಟ್ಟಿದ್ದಕ್ಕ ಮೈಗಳ್ಳತನಾ ಬಿಟ್ಟಾನ ಅಂತ ತಿಳೀತೇನಿ.

ಉಡಕ್ಕ ಯಾಕ ಹೇಸತಿ? ಬಿಎಸ್ಸಿ ಓದಿದಾಕಿ ನೀ. ಗದಗಿನ ಕಾಲೇಜಿನಾಗ ಬಾಟಲಿಯೊಳಗಿನ ಹಾವು ಚೇಳು ತೋರಿಸಿ ನನಗ ಪಾಠಾ ಹೇಳಿದ್ದಿ. ಇಲ್ಲೇ ಹೋದ ವಾರ ಸಂತ್ಯಾಗ ಒಬ್ಬಾಂವ ಉಡದ ಎಣ್ಣಿ ಅಂತ ಮಾರಾಕ ಕುಂತಿದ್ದ, ಅರಣ್ಯದವರು ಬಂದು ಬುಟ್ಟಿ ಸಮೇತ ಒಯ್ದ್ರು. ಮೊಣಕಾಲು ಬ್ಯಾನಿಗೆ ಒಂದ ಬಾಟ್ಲಿ ತಗೋಬೇಕಂತ ಬಾಜೂಮನಿ ತಸ್ಲೀಮನ್ನ ಕರಕೊಂಡು ಹೋಗಿದ್ದೆ ನಾನು. "ಅವ್ವಾ, ನಿಮ್ಮನ್ನೂ ಬುಟ್ಟ್ಯಾಗ ಹಾಕ್ಕೊಂಡು ಒಯ್ತಾರ, ನಡೀರಿ" ಅಂತ ಕೈ ಸನ್ನಿ ಮಾಡಿ ಎಳಕೊಂಡು ಬಂದ್ಲು ಹುಡುಗಿ.

ಮಾಗಡಿ ಕೆರಿಗೆ ಈ ವರ್ಷ ಪರದೇಶದ ಬಾತುಗಳು ಜಲ್ದಿ ಬಂದಾವ. ಕಡ್ಲಿ ಹೊಲದವರು ಬೈಯಾಕತ್ತಾರ, ಪ್ಯಾಟಿ ಮಂದಿ ದುರ್ಬೀನು ತಗೊಂಡು ಬಂದು ಕೈಮುಗಿಯಾಕತ್ತಾರ.

ನನ್ನ ಹತ್ರ ಖಾಲಿ ಬೆಳವಣಿಗಿ ಕಾರ್ಡು ಒಂದು ಉಳದಿತ್ತು, ಕೆಂಪು, ಹಳದಿ, ಹಸಿರು ಪಟ್ಟಿ ಇರೂದು. ಐಶ್ವರ್ಯಾಂದು ಅಂತ ಹೆಸರು ಬರದೇನಿ. ಪ್ರತಿ ಭಾನುವಾರದ ತೂಕ ಬರದು ಕಳಸು. ಒಂದೂ ಬಿಡಬ್ಯಾಡ. ಚುಕ್ಕಿ ಇಡತೇನಿ.

ಅನ್ನಪೂರ್ಣವ್ವ


26 ನವೆಂಬರ್ 2023, ಭಾನುವಾರ

ಅತ್ತಿಯವರಿಗೆ,

ನೀವು ಕೇಳಿದ ತೂಕಗಳು: ಅಕ್ಟೋಬರ್ 22ಕ್ಕೆ 3.850, 29ಕ್ಕೆ 4.000, ನವೆಂಬರ್ 5ಕ್ಕೆ 4.150, 12ಕ್ಕೆ 4.300, 19ಕ್ಕೆ 4.450, ಇವತ್ತು 4.600. ಫೋಟೋ ಇಟ್ಟಿದ್ದೇನೆ. ದುಪ್ಪಟಿಯಲ್ಲಿ ಸುತ್ತಿದ್ದರಿಂದ ಮುಖ ಅಷ್ಟೇ ಕಾಣುತ್ತದೆ.

ಇಲ್ಲಿ ಬೇಸಿಗೆ ಶುರುವಾಯಿತು. ಮೈಗೆ ಮೈ ಅಂಟುತ್ತದೆ. ನಿದ್ದೆ ಇಲ್ಲ. ಕೂಸು ಮಲಗಿದರೂ ನನಗೆ ಬರುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ರಸ್ತೆಯ ತುಂಬ ಕಪ್ಪೆಗಳು ಲಾರಿಯ ಗಾಲಿಗೆ ಸಿಕ್ಕು ಚಪಾತಿಯಂತೆ ಬಿದ್ದಿರುತ್ತವೆ. ಬಿಸಿಲೇರಿದಂತೆ ಹೊಟ್ಟೆ ಉಬ್ಬಿ ನಾರುತ್ತವೆ. ಇವು ಈ ದೇಶದವಲ್ಲ. ತೊಂಬತ್ತು ವರ್ಷದ ಹಿಂದೆ ಕಬ್ಬಿಗೆ ಬೀಳುವ ದುಂಬಿ ತಿನ್ನಲಿ ಅಂತ ಹೊರಗಿನಿಂದ ತಂದು ಬಿಟ್ಟರಂತೆ. ಅವು ದುಂಬಿ ಒಂದು ಬಿಟ್ಟು ಬಾಕಿ ಎಲ್ಲವನ್ನೂ ತಿಂದವು. ಮೈ ತುಂಬ ಗಂಟು, ಕಿವಿಯ ಹಿಂದೆ ವಿಷದ ಚೀಲ, ಅಮುಕಿದರೆ ಹಾಲಿನಂಥ ರಸ ಬರುತ್ತದೆ. ಬೆಳ್ಳಗೆ, ದಪ್ಪಗೆ. ಅದನ್ನು ನುಂಗಿದ ಗೊಆನಗಳು ಅಲ್ಲಲ್ಲೇ ಸತ್ತುಬಿದ್ದು, ಎಷ್ಟೋ ಕಡೆ ಅವುಗಳ ಸಂತತಿಯೇ ಕಡಿಮೆಯಾಯಿತಂತೆ. ನಿಮ್ಮ ಮಗ ಊಟದ ಹೊತ್ತಿಗೇ ಇದನ್ನೆಲ್ಲ ಹೇಳುತ್ತಾರೆ. ನನಗೆ ಅನ್ನ ಇಳಿಯುವುದಿಲ್ಲ.

ಬಿಎಸ್ಸಿ ಓದಿದವಳು ಅಂದಿರಿ. ಬಾಟಲಿಯೊಳಗಿದ್ದದ್ದು ಸತ್ತಿತ್ತು, ಅತ್ತಿ. ಅದಕ್ಕೆ ನಾಲಿಗೆ ಚಾಚಲು ಬರುತ್ತಿರಲಿಲ್ಲ.

ಒಂದು ಮಾತು ಕೇಳಬೇಕಿತ್ತು. ನಮ್ಮ ಓಣಿಯಲ್ಲಿ ಒಬ್ಬ ತಮಿಳು ಹೆಣ್ಣುಮಗಳು ಇದ್ದಾಳೆ. ಅವಳೂ ಹೆರಿಗೆ ಆದ ಮೇಲೆ ಹೀಗೇ ಹಿತ್ತಲಲ್ಲಿ ಹುಗಿದಿದ್ದಳು. ಅದನ್ನು ಪ್ರಾಣಿ ಅಗೆದು ತಿಂದಿತು ಅಂತ ಅಳುತ್ತಾಳೆ. ಹಾಗಾದರೆ ಏನಾಗುತ್ತದೆ? ಪರಿಹಾರ ಏನಾದರೂ ಇದೆಯೇ? ಪಾಪ, ಅವಳಿಗೆ ಹೇಳುವವರು ಯಾರೂ ಇಲ್ಲ.

ನೇತ್ರಾ


16 ಡಿಸೆಂಬರ್ 2023
ಲಕ್ಷ್ಮೇಶ್ವರ

ನೇತ್ರಾ,

ಚುಕ್ಕಿ ಎಲ್ಲಾ ಇಟ್ಟೆ. ಹಸಿರು ಪಟ್ಟ್ಯಾಗ ಐತಿ ನನ್ನ ಬಂಗಾರಿ! ಕಾರ್ಡು ದೇವರ ಮನಿ ಗ್ವಾಡಿಗೆ ಹಚ್ಚೇನಿ. ಬಂದೋರಿಗೆಲ್ಲಾ ತೋರಸ್ತೇನಿ. ನಿನ್ನ ನೆಗೆಣ್ಣಿ ಮಕ್ಕಳಿಗೆ ಇಷ್ಟ ಚಂದ ಚುಕ್ಕಿ ಬಿದ್ದಿದ್ದಿಲ್ಲ, ಆಕಿ ಮಾರಿ ಸಣ್ಣದಾತು.

ಆ ತಮಿಳಿನಾಕಿ ಸುದ್ದಿ ಓದಿ ಮೈ ಜುಮ್ಮ ಅಂತು. ಅಯ್ಯ ಶಿವನ, ಹೆತ್ತಾಕಿ ಕಣ್ಣ ಎಲ್ಲೆ ಇಟ್ಟಿದ್ಲು? ಗೇಣುದ್ದ ಕೆದರಿ ಮುಚ್ಚಿರಬೇಕು ಬೇಶರ್ಮಿ. ಮಾಸು ಪ್ರಾಣಿ ಬಾಯಿಗೆ ಬಿತ್ತಂದ್ರ ತಾಯಿ ಎದಿ ಒಣಗತೈತಿ, ಕೂಸು ಸೊರಗತೈತಿ ಅಂತ ನಮ್ಮತ್ತಿ ಹೇಳತಿದ್ಲು. ಪರಿಹಾರ ನನಗ ಗೊತ್ತಿಲ್ಲ. ನೀ ಆಕಿ ಸಂಗಾಟ ಭಾಳ ಸಲಗಿ ಬೆಳಸಬ್ಯಾಡ. ಆಕಿ ಕೈಯಾಗ ನಮ್ಮ ಕೂಸಿನ್ನ ಕೊಡಬ್ಯಾಡ. ಎತ್ತಿಕೊಳ್ಳಾಕ ಬಂದ್ರ ಮಲಗೇತಿ ಅನ್ನು.

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿ ಕಳಸಬೇಕಂತಿದ್ದೆ. ಆ ದೇಶದಾಗ ತಿನ್ನೂ ಸಾಮಾನು ಬಿಡೂದಿಲ್ಲಂತ ಪೋಸ್ಟಿನವರು ಅಂದ್ರು. ಕಪ್ಪಿ ಬಿಟ್ಟಾರಂತ, ರೊಟ್ಟಿ ಬಿಡೂದಿಲ್ಲಂತ.

ಅನ್ನಪೂರ್ಣವ್ವ


7 ಜನವರಿ 2024

ಅತ್ತಿಯವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ನಾವೆಲ್ಲ ಆರಾಮ ಇದ್ದೇವೆ. ತೂಕ ವಾರಕ್ಕೆ ನೂರೈವತ್ತರಂತೆಯೇ ಏರುತ್ತಿದೆ. ಇವತ್ತಿಗೆ 5.500. ಮಳೆಗೆ ರಸ್ತೆ ಮುಚ್ಚಿದ್ದರಿಂದ ನಾಲ್ಕನೇ ತಿಂಗಳ ಸೂಜಿಗೆ ಕ್ಲಿನಿಕ್ಕಿಗೆ ಹೋಗಲು ಆಗಲಿಲ್ಲ. ಹೋಗುತ್ತೇವೆ.

ಸಾವ್ಕಾರ ಸತ್ತ. ಕಪ್ಪೆ ನುಂಗಿದ್ದನಂತೆ. ಮಾವಿನ ಗಿಡದ ಬುಡದಲ್ಲಿ ಅಂಗಾತ ಬಿದ್ದಿದ್ದ, ಬಾಯಲ್ಲಿ ನೊರೆ ಇತ್ತು, ನೊಣಗಳಿದ್ದವು. ನಿಮ್ಮ ಮಗ ಸಲಿಕೆಯಿಂದ ಎಳೆದು ಹಾಕಿದರು.

ತಮಿಳು ಹೆಣ್ಣುಮಗಳ ಜೊತೆ ನಾನು ಮಾತು ಬಿಟ್ಟಿದ್ದೇನೆ. ನೀವು ಹೇಳಿದಂತೆ ಕೂಸನ್ನು ಕೊಡುವುದಿಲ್ಲ.

ನೇತ್ರಾ


29 ಜನವರಿ 2024
ಲಕ್ಷ್ಮೇಶ್ವರ

ನೇತ್ರಾ,

ಇದನ್ನ ಒಬ್ಬಾಕಿನ ಕುಂತು ಓದು. ಕೂಸಿನ್ನ ಮಲಗಿಸಿ ಓದು.

ಇವತ್ತ ನಿನ್ನ ಪತ್ರ ಬಂತು. ಎರಡು ಕೇಜಿ ಒಂಬೈನೂರರಿಂದ ಹಿಡದು ಐದೂವರಿ ಮಟಾ ಚುಕ್ಕಿ ಕೂಡಿಸಿದೆ. ನೆಟ್ಟಗ ಬಂತು ಗೆರಿ. ಪಟ್ಟಿ ಇಟ್ಟು ಎಳದಂಗ. ಕಾರ್ಡ್ ಗ್ವಾಡಿಯಿಂದ ಕಿತ್ತಿಕೊಂಡು ಕಿಡಿಕ್ಯಾಗ ಹಿಡದು ನೋಡಿದೆ. ಮೂವತ್ತೊಂದು ವರ್ಷ ಮಕ್ಕಳ್ನ ತೂಗೇನಿ, ತಂಗೀ. ಯಾವ ಕೂಸೂ ವಾರಕ್ಕ ನೂರೈವತ್ತು, ವಾರಕ್ಕ ನೂರೈವತ್ತು ಅಂತ ಪಗಾರ ಏರಿಧಂಗ ಏರೂದಿಲ್ಲ. ಒಂದ ವಾರ ಇನ್ನೂರು, ಒಂದ ವಾರ ಐವತ್ತು, ನೆಗಡಿ ಆದ್ರ ಇಳದ ಬಿಡತೈತಿ. ನಿನ್ನ ಚುಕ್ಕಿ ತಕ್ಕಡಿ ನೋಡಿ ಇಟ್ಟವಲ್ಲ.

ಆಮ್ಯಾಲ ಫೋಟೋ ನೋಡಿದೆ. ಬ್ಯಾಸಿಗಿ, ಮೈಗೆ ಮೈ ಅಂಟತೈತಿ ಅಂತ ನೀನ ಬರದಿ. ಕೂಸಿನ್ನ ಗಂಟಲ ಮಟಾ ದುಪಟ್ಯಾಗ ಸುತ್ತಿ ಇಟ್ಟಿ. ಕೈ ಕಾಣವಲ್ದು, ತೊಡಿ ಕಾಣವಲ್ದು. ಏನ ಮುಚ್ಚಾಕತ್ತಿ?

ತಮಿಳಿನಾಕಿ ಯಾರೂ ಇಲ್ಲ. ಆಕಿ ನೀನ.

ನಾ ಹೆಂಗ ತಿಳಕೊಂಡೆ ಅಂದ್ರ, ನಾನೂ ಇಂಥಾ ಗೆರಿ ಎಳದೇನಿ. ನೀ ಇನ್ನೂ ಹುಟ್ಟಿದ್ದಿಲ್ಲ. ಮುಂಡರಗಿ ಕಡೆ ಒಂದ ಹಳ್ಳ್ಯಾಗ ಇದ್ದೆ, ಊರ ಹೆಸರು ಬರಿಯೂದಿಲ್ಲ. ತಕ್ಕಡಿ ಮುರದಿತ್ತು. ಹೊಸಾದು ಬರವಲ್ದು, ಮ್ಯಾಲಿನ ಆಫೀಸಿನ ಬಾಯಾರು ತನಿಖಿಗೆ ಬರತಾರಂತ ಸುದ್ದಿ. ಎರಡ ತಿಂಗಳು ಅಂದಾಜಿಲೆ ಚುಕ್ಕಿ ಇಟ್ಟೆ. ಎಲ್ಲಾ ಮಕ್ಕಳಿಗೂ ಸಮಾ ಏರಿಸಿದೆ. ಅದರಾಗ ಆ ಊರಿನ ಮೋತಿಬಿ ಅನ್ನಾಕಿ ಮೊಮ್ಮಗಳು ಒಬ್ಬಾಕಿ ಇದ್ಲು, ರುಹಿ. ಆಕಿ ಅವ್ವ "ಬಾಯಾರ, ಕೂಸು ಹಗುರಾಗೇತ್ರಿ" ಅಂತ ಅಂದ್ಲು. ನಾನು ನನ್ನ ಚುಕ್ಕಿ ತೋರಿಸಿ, "ಹಸಿರಿನಾಗ ಐತಿ, ಏನೂ ಆಗಿಲ್ಲ, ನಡಿ" ಅಂದೆ. ನಾನ ಇಟ್ಟ ಸುಳ್ಳ ಚುಕ್ಕಿನ್ನ ನಾನ ನಂಬಿದೆ. ಮೂರನೇ ತಿಂಗಳಿಗೆ ತಕ್ಕಡಿ ಬಂತು. ಜೋಳಿಗಿಯೊಳಗ ಕೂಸಿನ್ನ ಬಿಟ್ರ ಮುಳ್ಳು ಮ್ಯಾಲ ಹೋಗಲಿಲ್ಲ. ಗದಗಿಗೆ ಒಯ್ದ್ರು. ಸಂಜಿ ಬಸ್ಸಿಗೆ ತಿರಿಗಿ ತಂದ್ರು. ಬಟ್ಟಿಯೊಳಗ.

ಇದು ಕೊಟ್ರೇಶಗ ಗೊತ್ತಿಲ್ಲ, ಅವರಪ್ಪಗೂ ಗೊತ್ತಿದ್ದಿಲ್ಲ. ನಿನಗ ಹೇಳೇನಿ.

ಎದಿ ಒಣಗತೈತಿ ಅಂತ ನಾ ಬರದ ಮಾತು ನಮ್ಮತ್ತಿ ಹೇಳಿದ್ದು. ಆಕಿ ತಕ್ಕಡಿ ಕಂಡಾಕಿ ಅಲ್ಲ. ಖರೇನೋ ಸುಳ್ಳೋ ನನಗ ಗೊತ್ತಿಲ್ಲ, ಗೊತ್ತಿಲ್ಲದ ಮಾತು ಬಾಯಿಗೆ ಬಂದಂಗ ಬರದೆ. ಬೇಶರ್ಮಿ ಅಂತ ಬರದೆ. ಅದನ್ನ ಓದುವಾಗ ನಿನ್ನ ಮಾರಿ ಹೆಂಗಾಗಿತ್ತು ಅಂತ ನೆನಿಸಿಕೊಂಡು ಇವತ್ತ ನನಗ ಅನ್ನ ಇಳಿಲಿಲ್ಲ.

ಈ ಪತ್ರ ಮುಟ್ಟಾಕ ಇಪ್ಪತ್ತ ದಿವಸ ಬೇಕು. ಅಷ್ಟ ದಿನಾ ಕೂಸು ಕಾಯೂದಿಲ್ಲ. ಅದಕ್ಕ ತಸ್ಲೀಮನ ಫೋನಿನಿಂದ ಕೊಟ್ರೇಶಗ ಈಗ ಒಂದ ಸಂದೇಶ ಹಾಕಿಸೇನಿ. "ಕೂಸಿನ್ನ ನಿನ್ನ ಕೈಲೆ ತಕ್ಕಡಿಗೆ ಹಾಕು, ನೇತ್ರಾನ್ನ ಬೈಬ್ಯಾಡ" ಅಂತ. ಅಷ್ಟ. ನಿನಗ ನನ್ನ ಮ್ಯಾಲ ಸಿಟ್ಟು ಬರತೈತಿ. ಬರಲಿ.

ಅನ್ನಪೂರ್ಣವ್ವ


18 ಫೆಬ್ರುವರಿ 2024, ಭಾನುವಾರ

ಅತ್ತಿ,

ಸಿಟ್ಟು ಬಂದಿದೆ. ಮೊದಲು ಅದನ್ನೇ ಬರೆಯುತ್ತೇನೆ. ನನಗೆ ಹೇಳದೆ ಅವರಿಗೆ ಹೇಳಿದಿರಿ. ಕಾರ್ಖಾನೆಯಿಂದ ಬೂಟು ಕೂಡ ಬಿಚ್ಚದೆ ಒಳಗೆ ಬಂದು ಕೂಸಿನ ದುಪ್ಪಟಿ ಬಿಚ್ಚಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಜೋಳಿಗೆ ಕಟ್ಟಿದರು, ತೂಗಿದರು, ಬಿಚ್ಚಿ ಇನ್ನೊಮ್ಮೆ ತೂಗಿದರು. ನಾಲ್ಕು ಕೇಜಿ ಐನೂರು. "ತಕ್ಕಡಿ ಕೆಟ್ಟೈತಿ" ಅಂದರು. ನಾನು "ಇಲ್ಲ" ಅಂದೆ. "ಅಕ್ಕಿ ಚೀಲ ತಾ, ಹಾಕಿ ನೋಡೂಣು" ಅಂದರು. ಐದು ಕೇಜಿಯ ಚೀಲ ಸರಿಯಾಗಿ ಐದು ತೋರಿಸಿತು. ಅಕ್ಕಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕುಂತೇ ಬಿಟ್ಟರು ನಿಮ್ಮ ಮಗ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಈಗ ಖರೆ ಹೇಳುತ್ತೇನೆ. ಓದಿದ ಮೇಲೆ ನನ್ನನ್ನು ಏನಾದರೂ ಅನ್ನಿರಿ.

ತಗ್ಗು ತೋಡಿದ್ದು ನಾನು. ಮೂರು ದಿನದ ಬಾಣಂತಿ. ಅವರು ಪಾಳಿಗೆ ಹೋಗಿದ್ದರು, ಡಬ್ಬಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕುಂತಿತ್ತು. ನೋಡಲು ಆಗದೆ ಹೂವಿನ ಕುಂಡದ ಮಣ್ಣು ಕೆದಕುವ ಕುರ್ಪಿ ಹಿಡಿದು ಗೇಣುದ್ದ ಕೆದರಿ ಮುಚ್ಚಿದೆ. ನೀವು ಬರೆದದ್ದು ಬರೋಬ್ಬರಿ ಇತ್ತು, ಗೇಣುದ್ದ. ಮೇಲೆ ದಿನಾ ಬಿಸಿನೀರು ಸುರಿದು ಮಣ್ಣು ಮೆತ್ತಗೆ ಮಾಡಿದವಳು ನಾನೇ. ತುಪ್ಪದ ಅನ್ನ ಇಟ್ಟು ಕರೆದವಳೂ ನಾನೇ. ನಮ್ಮೂರಲ್ಲಿ ಎಡಿ ಇಟ್ಟರೆ ಕಾಗೆ ಬರುತ್ತದೆ, ಹೆಚ್ಚೆಂದರೆ ನಾಯಿ. ಇಲ್ಲಿ ಯಾರು ಬರುತ್ತಾರೆ ಅಂತ ನಾನು ವಿಚಾರ ಮಾಡಲಿಲ್ಲ.

ಆರನೇ ದಿನ ಹನ್ನೊಂದು ಗಂಟೆ. ಕೂಸಿಗೆ ಹಾಲು ಕೊಡುತ್ತ ಹಿತ್ತಲ ಬಾಗಿಲಲ್ಲಿ ಕುಂತಿದ್ದೆ. ಅದು ಬಂತು. ಮೊದಲು ಅನ್ನ ತಿಂದಿತು. ಕಲ್ಲನ್ನು ಮುಂಗಾಲಿನಿಂದ ಉರುಳಿಸಿತು. ಮೂರು ಸಲ ಕೆದರಿತು, ಅಷ್ಟೇ ಸಾಕಾಯಿತು. ಮೂತಿ ಮೇಲೆತ್ತಿದಾಗ ಅರಿಷಿಣ ಹತ್ತಿತ್ತು. ಬಾಯಿಂದ ಹೊಕ್ಕಳ ಹುರಿ ಜೋತಾಡುತ್ತಿತ್ತು. ಉಡಕ್ಕೆ ಅಗಿಯಲು ಬರುವುದಿಲ್ಲ, ಅತ್ತಿ. ತಲೆ ಹಿಂದಕ್ಕೆ ಒಗೆದು ಒಗೆದು ನುಂಗುತ್ತದೆ. ಗಂಟಲ ಚರ್ಮ ಉಬ್ಬಿ ಉಬ್ಬಿ ಇಳಿಯಿತು. ನನ್ನ ಕಡೆ ನೋಡುತ್ತಲೇ ನುಂಗಿತು. ನನ್ನ ಎದೆಯಲ್ಲಿ ಕೂಸು ಕೂಡ ಅದೇ ಹೊತ್ತಿಗೆ ಗುಟುಕು ಗುಟುಕಾಗಿ ನುಂಗುತ್ತಿತ್ತು. ಎರಡೂ ಸದ್ದು ನನಗೆ ಒಂದೇ ಅನಿಸಿತು.

ಕೂಸನ್ನು ಎದೆಯಿಂದ ಕಿತ್ತೆ. ಖರೆ ಹೇಳುತ್ತೇನೆ, ಕಿತ್ತೆ. ಅದು ಅತ್ತಿತು. ನಾನು ವಾಂತಿ ಮಾಡಿಕೊಂಡೆ.

ನನ್ನ ಎದೆ ಒಣಗಲಿಲ್ಲ, ಅತ್ತಿ. ನಿಮ್ಮತ್ತಿ ಹೇಳಿದ ಹಾಗೆ ಒಣಗಿದ್ದರೆ ನಾನು ಯಾರ ಮುಂದಾದರೂ ಹೇಳುತ್ತಿದ್ದೆ. ಹಾಲು ಇತ್ತು. ಸೋರುತ್ತಿತ್ತು. ನನಗ ಹೇಸಿಗಿ ಬರ್ತಿತ್ತು. ಕೂಸು ಬಾಯಿ ಹಾಕಿದರೆ ಅದರ ಮೂತಿ ಕಣ್ಣ ಮುಂದೆ ಬರುತ್ತಿತ್ತು. ಎರಡು ನಿಮಿಷ ಕೊಟ್ಟು ಬಿಡಿಸುತ್ತಿದ್ದೆ. ಹಿಂಡಿ ಬಾಟಲಿಯಲ್ಲಿ ಕೊಡೋಣ ಅಂತ ಹಿಂಡಿದರೆ, ಬೆಳ್ಳಗೆ, ದಪ್ಪಗೆ ಅದು. ಕಪ್ಪೆಯ ಚೀಲದ ರಸ ನೆನಪಾಗಿ ಬಚ್ಚಲಿಗೆ ಸುರಿದೆ. ದಿನಾ ಸುರಿದೆ. ಭಾನುವಾರ ತೂಗಿ, ಎಷ್ಟು ಬಂತು ಅಂತ ನೋಡಿ, ನಿಮಗೆ ಬೇರೆ ಬರೆದೆ. ಸ್ವಂತ ಕೂಸಿಗೆ ಹೇಸುವ ತಾಯಿ ಇರುತ್ತಾಳೆಯೇ? ಇದನ್ನು ಯಾರಿಗೆ ಬರೆಯಲಿ? ಆಮೇಲೆ ನಿಮ್ಮ ಪತ್ರ ಬಂತು, ಕೂಸಿನ್ನ ಆಕಿ ಕೈಯಾಗ ಕೊಡಬ್ಯಾಡ ಅಂತ. ಸರಿಯಾಗಿಯೇ ಹೇಳಿದ್ದಾರೆ ಅನಿಸಿತು. ಆವತ್ತಿನಿಂದ ಇನ್ನೂ ಕಡಿಮೆ ಎತ್ತಿಕೊಂಡೆ.

ಸಾವ್ಕಾರ ಸತ್ತ ದಿನ ಅಡುಗೆಮನೆಯ ಚಾಕು ತೆಗೆದುಕೊಂಡು ಹೋದೆ. ನಾಲ್ಕು ತಿಂಗಳಾದರೂ ಅವನ ಹೊಟ್ಟೆಯಲ್ಲಿ ನಮ್ಮದು ಏನಾದರೂ ಉಳಿದಿರಬಹುದು, ತೆಗೆದು ಮತ್ತೆ ಆಳಕ್ಕೆ ಹುಗಿದರೆ ಎಲ್ಲ ಸರಿಹೋದೀತು ಅಂತ. ಬಿಎಸ್ಸಿ ಓದಿದವಳು. ಚಾಕು ಹೊಟ್ಟೆಗೆ ಹಚ್ಚಿದೆ. ನಾತಕ್ಕೆ ಕೈ ನಿಂತಿತು. ನಿಮ್ಮ ಮಗ ಸಲಿಕೆ ತರುವಷ್ಟರಲ್ಲಿ ಚಾಕು ತೊಳೆದು ಇಟ್ಟಿದ್ದೆ.

ನಿಮ್ಮ ಮಗ ತೂಗಿದ ಮರುದಿನ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಒಬ್ಬ ವಯಸ್ಸಾದ ದಾದಿ, ಬಿಸಿಲಿಗೆ ಸುಟ್ಟ ಕೈ, ಗಂಡಸಿನಂಥ ದನಿ. ಮಾಸಿನದು, ಉಡದ್ದು, ಹೇಸಿಗೆಯದು ಎಲ್ಲ ಅವಳ ಮುಂದೆ ಬಾಯಿಬಿಟ್ಟೆ. ಹುಚ್ಚಿ ಅಂತ ಬರೆದುಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ ಮೊದಲ ಮಾತು, "ಎಷ್ಟು ದೊಡ್ಡದಿತ್ತು?" ನಾನು ಎರಡೂ ಕೈ ಚಾಚಿ ತೋರಿಸಿದೆ. "ಅಯ್ಯೋ, ನನಗೂ ಅದೇ ಆಗುತ್ತಿತ್ತು" ಅಂದಳು. ನಿದ್ದೆ ಇಲ್ಲದ ಬಾಣಂತಿಯರಿಗೆ ಇಂಥದ್ದು ತಲೆಯಲ್ಲಿ ಕುಂತುಬಿಡುತ್ತದೆ, ಅದಕ್ಕೆ ಡಾಕ್ಟರು ಇದ್ದಾರೆ ಅಂದಳು. ಕೂಸನ್ನು ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಡಬ್ಬಿ ಹಾಲು. ಬಾಟಲಿಯನ್ನು ನಿಮ್ಮ ಮಗ ಹಿಡಿಯುತ್ತಾರೆ, ನಾನು ನೋಡುತ್ತೇನೆ. ನನಗೂ ಗುಳಿಗೆ ಕೊಟ್ಟಿದ್ದಾರೆ. ನಾಲ್ಕು ತಾಸು ಮಲಗುತ್ತೇನೆ.

ಇವತ್ತಿನ ತೂಕ 4.920.

ರುಹಿಯ ಅವ್ವ ಆಮೇಲೆ ಎಲ್ಲಿ ಹೋದಳು ಅಂತ ನೀವು ಬರೆಯಲಿಲ್ಲ.

ನೇತ್ರಾ


10 ಮಾರ್ಚ್ 2024
ಲಕ್ಷ್ಮೇಶ್ವರ

ನೇತ್ರಾ,

ಓದಿದೆ. ನನಗೂ ಹೇಸಿಗಿ ಬಂತು, ಸುಳ್ಳ ಯಾಕ ಹೇಳಲಿ. ಮಜ್ಜಿಗಿ ಗ್ಲಾಸ್ ಹಂಗ ಇಟ್ಟು ಎದ್ದೆ. ನೀ ಅದನ್ನ ಐದ ತಿಂಗಳು ಹೊಟ್ಯಾಗ ಇಟ್ಟುಕೊಂಡು ಅಡಿಗಿ ಮಾಡಿದಿ, ಅರಬಿ ಒಗದಿ.

ಎದಿ ಹಾಲ ಕೊಡಲಿಲ್ಲಂತ ಅಳಬ್ಯಾಡ. ಡಬ್ಬಿ ಹಾಲಿಗೆ ಏನಾಗೇತಿ? ನಾ ಮೀಟಿಂಗಿನಾಗ ಎದಿ ಹಾಲಿನ ಮ್ಯಾಲ ತಾಸಗಟ್ಟಲೆ ಭಾಷಣಾ ಮಾಡೇನಿ, ನಾನ ಹೇಳಾಕತ್ತೇನಿ, ಕುಡಿಸು. ಕೊಟ್ರೇಶ ಹಿಡದ್ರ ಆಂವ ಹಿಡೀಲಿ. ನಿನಗ ಮನಸ ಬಂದ ದಿನಾ ನೀ ಹಿಡಿ. ಬರದಿದ್ರ ಬಿಡು.

ಹಳೇ ಕಾರ್ಡ್ ಹರದು ಒಲಿಗೆ ಹಾಕಿದೆ. ನಿನ್ನ ನೆಗೆಣ್ಣಿ ಯಾಕ್ರೀ ಅಂದ್ಲು, ಕಿವಿ ಕೇಳಲಿಲ್ಲ ನನಗ. ಇನ್ನ ಮ್ಯಾಲ ಏರಿದ್ದು ಇಳಿದದ್ದು ಎರಡೂ ಬರದು ಕಳಸು.

ರುಹಿ ಅವ್ವ ಆ ಊರಾಗ ಇದ್ಲು. ನಾ ವರ್ಗಾ ಮಾಡಿಸಿಕೊಂಡು ಬಂದೆ. ಆಕಿ ನನ್ನ ಬೈಲಿಲ್ಲ. ಹಸಿರಿನಾಗ ಇತ್ತಲ್ರೀ ಬಾಯಾರ, ಹಸಿರಿನಾಗ ಇತ್ತಲ್ರೀ ಅಂತ ಕೇಳಿಕೊಂತ ನಿಂತಿದ್ಲು. ನಾ ಆಕಿಗೆ ಏನೂ ಹೇಳಲಿಲ್ಲ.

ಅನ್ನಪೂರ್ಣವ್ವ


31 ಮಾರ್ಚ್ 2024, ಭಾನುವಾರ

ಅತ್ತಿ,

ಇವತ್ತಿನ ತೂಕ 5.610. ಹೋದ ಭಾನುವಾರಕ್ಕಿಂತ ನಲವತ್ತು ಗ್ರಾಂ ಕಡಿಮೆ. ನೆಗಡಿ ಆಗಿ ಎರಡು ದಿನ ಬಾಟಲಿ ಮುಟ್ಟಲಿಲ್ಲ. ದಾದಿಗೆ ಫೋನು ಮಾಡಿದೆ, ಮೂಗಿಗೆ ಉಪ್ಪುನೀರು ಬಿಡಲು ಹೇಳಿದಳು, ಬಿಟ್ಟೆ. ಈಗ ಕುಡಿಯುತ್ತಿದ್ದಾಳೆ.

ಹಿತ್ತಲಿಗೆ ಹೊಸ ಗೊಆನ ಬಂದಿದೆ. ಸಣ್ಣದು, ಇನ್ನೂ ಪಟ್ಟೆ ಗಾಢ ಇದೆ. ಹಳೆಯವನ ಜಾಗ ಖಾಲಿ ಇತ್ತಲ್ಲ. ನಿಮ್ಮ ಮಗ ಹೆಸರಿಡಲು ಬಾಯಿ ತೆಗೆದರು, "ಬ್ಯಾಡ್ರಿ" ಅಂದೆ. ಕಸದ ಡಬ್ಬಿಗೆ ಸರಪಳಿ ಹಾಕಿಸಿದ್ದೇನೆ. ಅದರ ನಾಲಿಗೆ ಕಂಡರೆ ಇನ್ನೂ ಹೇಸಿಗೆ ಬರುತ್ತದೆ. ಅದು ಹೋಗುವುದಿಲ್ಲ ಅಂತ ಕಾಣುತ್ತದೆ. ಬಾಗಿಲು ಹಾಕಿಕೊಳ್ಳುತ್ತೇನೆ.

ಶುಕ್ರವಾರದಿಂದ ಬಾಟಲಿಯನ್ನು ನಾನು ಹಿಡಿಯುತ್ತಿದ್ದೇನೆ. ಮೊದಲ ದಿನ ಮುಖ ಆಚೆ ಮಾಡಿಕೊಂಡು ಹಿಡಿದೆ. ಅವಳಿಗೆ ಅದು ಸೇರಲಿಲ್ಲ, ಗಲ್ಲ ಹಿಡಿದು ಎಳೆದಳು. ಉಗುರು ಹತ್ತಿತು.

ಇವತ್ತು ಮಧ್ಯಾಹ್ನ ನೂರಿಪ್ಪತ್ತು ಎಂಎಲ್ ಕುಡಿದು ಹೆಗಲ ಮೇಲೆ ತೇಗಿದಳು, ತೇಗಿನ ಜೊತೆ ಅರ್ಧ ಹಾಲು ಹೊರಗೆ ಬಂತು. ಒಡೆದು, ಮೊಸರಾಗಿ, ಬೆಚ್ಚಗೆ. ಕುಪ್ಪಸದ ಒಳಗೆ ಬೆನ್ನ ತನಕ ಇಳಿಯಿತು. ನಿಮ್ಮ ಮಗ ಟವೆಲ್ ತಂದು, ನನಗೆ ಏನಾಗುತ್ತದೋ ಅಂತ ಬಾಗಿಲಲ್ಲಿ ನಿಂತರು. ನಾನೂ ಕಾದೆ. ಏನೂ ಆಗಲಿಲ್ಲ. ಹುಳಿ ವಾಸನೆ ಬಂತು, ಅಷ್ಟೇ.

ಅವಳು ಹಾಗೇ ಹೆಗಲ ಮೇಲೆ ಮಲಗಿದ್ದಾಳೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗೆ ಬಿದ್ದಿವೆ. ಎದ್ದು ಕುಪ್ಪಸ ಬದಲಿಸಬೇಕು. ಬೆನ್ನೆಲ್ಲ ಅಂಟಂಟು. ಅವಳು ಏಳಲಿ, ಆಮೇಲೆ ನೋಡಿದರಾಯಿತು.

ನೇತ್ರಾ